ನಾಲ್ಕು ಪಟ್ಟು ಬಿಸಿ, ಆದರೆ ಯಾವ ಎತ್ತರದಲ್ಲಿ?

ಆರ್ಕ್ಟಿಕ್ ಪ್ರದೇಶ 1979ರಿಂದ ಈಚೆಗೆ ಇಡೀ ಭೂಮಿಯ ಸರಾಸರಿಗಿಂತ ಹತ್ತಿರ ಹತ್ತಿರ ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಫಿನ್‌ಲ್ಯಾಂಡಿನ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿ ಹೇಳಿದ ಮಾತಿದು. ಪತ್ರಿಕೆಯಲ್ಲಿ, ಟೀವಿಯಲ್ಲಿ ಆಗಾಗ ಬರುತ್ತಿರುತ್ತದೆ. ಅದರ ಜತೆಗೇ ಹೇಳಬೇಕಾದ ಒಂದು ಸಂಗತಿ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಈ ಲೆಕ್ಕ ಆಳೆತ್ತರದ ಗಾಳಿಯದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಹವಾಮಾನ ನೋಡುವ ಬಯಲಿನಲ್ಲಿ, ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗೆ ಥರ್ಮಾಮೀಟರ್ ಇಟ್ಟಿರುತ್ತಾರಲ್ಲ, ಹೆಚ್ಚುಕಡಿಮೆ ಆ ಎತ್ತರ.

ಅದರ ಮೇಲೆ ಒಂದು ಕಿಲೋಮೀಟರಿನಲ್ಲಿ ಏನಾಗಿದೆ? ಐದರಲ್ಲಿ? ಇಪ್ಪತ್ತರಲ್ಲಿ? ಒಂದೊಂದು ಎತ್ತರದ ಉತ್ತರ ಒಂದೊಂದು ಥರ ಇದೆ. ಎಷ್ಟು ಬಿಸಿಯಾಯಿತು ಅನ್ನುವುದರಷ್ಟೇ ಯಾವ ಎತ್ತರದಲ್ಲಿ ಆಯಿತು ಅನ್ನುವುದೂ ಮುಖ್ಯ. ಕಾರಣದ ಸುಳಿವು ಸಿಗುವುದು ಅಲ್ಲೇ.

ಇದು ಅರ್ಥವಾಗಲು ಧ್ರುವಕ್ಕೇ ಹೋಗಬೇಕಿಲ್ಲ. ಡಿಸೆಂಬರ್, ಜನವರಿಯಲ್ಲಿ ಹೊತ್ತು ಹುಟ್ಟುವ ಮುಂಚೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ ನಿಂತರೆ ಸಾಕು. ಕೆಳಗೆ ಊರಿನ ಮೇಲೆ ಹೊಗೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ನೀರು ಕಾಯಿಸುವ ಒಲೆಗಳ ಹೊಗೆ ಸ್ವಲ್ಪ ಮೇಲೆದ್ದು, ಅಲ್ಲೇ ತಡೆದು, ಅಡ್ಡಡ್ಡ ಹಬ್ಬುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗಿರುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಮೇಲಿನ ಗಾಳಿ ಅದಕ್ಕಿಂತ ಬೆಚ್ಚಗಿರುತ್ತದೆ. ಎತ್ತರ ಹೋದಂತೆ ಚಳಿ ಜಾಸ್ತಿ ಅನ್ನುವ ನಿಯಮ ಅಷ್ಟು ಹೊತ್ತು ತಲೆಕೆಳಗಾಗುತ್ತದೆ. ಭೂಗೋಳದ ಪಾಠದಲ್ಲಿ ಇದಕ್ಕೆ ಉಷ್ಣತಾ ವಿಲೋಮ ಅನ್ನುತ್ತಾರೆ. ನಮ್ಮಲ್ಲಿ ಒಂಬತ್ತು ಗಂಟೆಯ ಬಿಸಿಲು ಬಿದ್ದರೆ ಎಲ್ಲ ಮಾಯ.

ಧ್ರುವದಲ್ಲಿ ಆ ಬಿಸಿಲು ತಿಂಗಳುಗಟ್ಟಲೆ ಬರುವುದೇ ಇಲ್ಲ. ಚಳಿಗಾಲ ಪೂರ್ತಿ ತಣ್ಣನೆಯ ಭಾರದ ಗಾಳಿ ಮಂಜುಗಡ್ಡೆಗೆ ಅಂಟಿಕೊಂಡಿರುತ್ತದೆ. ದಕ್ಷಿಣ ಧ್ರುವದ ಅಮುಂಡ್ಸೆನ್-ಸ್ಕಾಟ್ ನಿಲ್ದಾಣ ಸಮುದ್ರಮಟ್ಟದಿಂದ 2,835 ಮೀಟರ್ ಮೇಲಿದೆ. ಅಲ್ಲಿ ಚಳಿಗಾಲದಲ್ಲಿ ಕೆಲವೇ ನೂರು ಮೀಟರ್ ಮೇಲೆ ಹೋದರೆ ಗಾಳಿ ನೆಲಕ್ಕಿಂತ 20 ಡಿಗ್ರಿಯಷ್ಟು ಬೆಚ್ಚಗಿರುವುದುಂಟು.

ಈಗ ಇಂಥ ಜಾಗಕ್ಕೆ ಹೊಸದಾಗಿ ಶಾಖ ಬಂದರೆ ಏನಾಗಬೇಕು? ನಮ್ಮ ಕಡೆಯ ಉಷ್ಣವಲಯದಲ್ಲಾದರೆ ಬೆಚ್ಚನೆಯ ಒದ್ದೆ ಗಾಳಿ ಮೇಲೇರಿ, ಅದರ ನೀರಾವಿ ಮೋಡವಾಗುವಾಗ ಶಾಖ ಬಿಡುತ್ತದೆ. ಹಾಗಾಗಿ ನೆಲಕ್ಕಿಂತ ಸುಮಾರು ಹತ್ತು ಕಿಲೋಮೀಟರ್ ಎತ್ತರದ ಗಾಳಿಯೇ ಹೆಚ್ಚು ಬಿಸಿಯಾಗಬೇಕು. ಧ್ರುವದಲ್ಲಿ ಗಾಳಿ ಹಾಗೆ ಮೇಲೆ ಕೆಳಗೆ ಬೆರೆಯುವುದಿಲ್ಲ. ಬಂದ ಶಾಖ ಬುಡದಲ್ಲೇ ಉಳಿಯುತ್ತದೆ.

ಇನ್ನೊಂದು ಕಾರಣ ಸಮುದ್ರದ ಮಂಜುಗಡ್ಡೆ. ಬೇಸಿಗೆಯಲ್ಲಿ ಆರ್ಕ್ಟಿಕ್ ಸಮುದ್ರದ ಮೇಲಿನ ಗಾಳಿ ಅಷ್ಟೇನೂ ಬಿಸಿಯಾಗಿಲ್ಲ ಅಂದರೆ ಆಶ್ಚರ್ಯವಾಗುತ್ತದೆ ಅಲ್ವಾ? ಆಗ ಬಂದ ಶಾಖವೆಲ್ಲ ಮಂಜುಗಡ್ಡೆ ಕರಗಿಸುವುದಕ್ಕೇ ಖರ್ಚಾಗುತ್ತದೆ. ಕರಗುವ ಮಂಜುಗಡ್ಡೆಯ ಮೇಲಿನ ಗಾಳಿ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಂಜುಗಡ್ಡೆ ಹೋದ ಕಡೆ ಕಪ್ಪು ನೀರು ಬಿಸಿಲು ಹೀರಿಕೊಂಡು ಕಾಯುತ್ತದೆ. ಆ ಸಾಲ ತೀರುವುದು ಶರತ್ಕಾಲದಲ್ಲಿ, ಚಳಿಗಾಲದಲ್ಲಿ. ಸಮುದ್ರ ತನ್ನ ಶಾಖವನ್ನು ಮೇಲಿನ ಗಾಳಿಗೆ ಬಿಡುತ್ತದೆ. ಆರ್ಕ್ಟಿಕ್‌ನ ದೊಡ್ಡ ಏರಿಕೆ ಕಾಣುವುದು ಆ ತಿಂಗಳುಗಳಲ್ಲಿ, ಅದೂ ಬುಡದ ಗಾಳಿಯಲ್ಲಿ.

ಇವತ್ತು ಇಷ್ಟು ಸಲೀಸಾಗಿ ಹೇಳಿಬಿಡಬಹುದು. 2008ರಲ್ಲಿ ಹೀಗಿರಲಿಲ್ಲ. ಆ ವರ್ಷ ಸ್ಟಾಕ್‌ಹೋಮ್‌ನ ಗ್ರಾವರ್ಸನ್ ಮತ್ತು ಜತೆಗಾರರು 'ನೇಚರ್' ಪತ್ರಿಕೆಯಲ್ಲಿ ಬೇರೆಯದೇ ಚಿತ್ರ ಕೊಟ್ಟರು. ಆರ್ಕ್ಟಿಕ್ ನೆಲಮಟ್ಟದಲ್ಲಷ್ಟೇ ಬಿಸಿಯಾಗಿಲ್ಲ, ಮೇಲೆಯೂ ಜೋರಾಗಿ ಬಿಸಿಯಾಗಿದೆ ಅಂದರು. ಹಾಗಿದ್ದರೆ ಮಂಜುಗಡ್ಡೆ ಕರಗಿದ್ದು ಮುಖ್ಯ ಕಾರಣವಾಗಲಾರದು. ದಕ್ಷಿಣದ ನಾಡುಗಳಿಂದ ಬೆಚ್ಚನೆಯ ಗಾಳಿ ಮೇಲಿನ ದಾರಿಯಲ್ಲಿ ಬರುತ್ತಿರಬೇಕು. ಅವರು ಬಳಸಿದ್ದು ಇಆರ್‌ಎ-40 ಎಂಬ ದತ್ತಾಂಶ. ಬಲೂನು, ಹಡಗು, ಉಪಗ್ರಹ ಹೀಗೆ ಎಲ್ಲ ಅಳತೆಗಳನ್ನು ಒಂದು ಹವಾಮಾನ ಮಾದರಿಗೆ ಉಣಿಸಿ, ಅಳತೆ ಇಲ್ಲದ ಜಾಗವನ್ನೂ ತುಂಬಿಸಿ ಕಟ್ಟಿದ ಚರಿತ್ರೆ ಅದು.

ತಕ್ಷಣ ಆಕ್ಷೇಪಗಳು ಬಂದವು. ಬಲೂನಿನ ಅಳತೆಗಳನ್ನಷ್ಟೇ ತೆಗೆದು ನೋಡಿದರೆ ಮೇಲಿನ ಆ ಏರಿಕೆ ಹಾಗೆ ಕಾಣುತ್ತಿರಲಿಲ್ಲ. ಉಪಗ್ರಹದ ಅಳತೆಯೂ ಒಪ್ಪುತ್ತಿರಲಿಲ್ಲ. 2010ರಲ್ಲಿ ಮೆಲ್ಬರ್ನ್‌ನ ಸ್ಕ್ರೀನ್ ಮತ್ತು ಸಿಮಂಡ್ಸ್ ಹೊಸ ತಲೆಮಾರಿನ ದತ್ತಾಂಶ ಹಿಡಿದು ಮತ್ತೆ ಲೆಕ್ಕ ಹಾಕಿದರು. ಏರಿಕೆ ಬುಡದಲ್ಲೇ ಅತಿ ಹೆಚ್ಚು, ಮಂಜುಗಡ್ಡೆಯ ಪಾತ್ರವೇ ದೊಡ್ಡದು ಎಂದು ತೋರಿಸಿದರು. ದಕ್ಷಿಣದಿಂದ ಬರುವ ಗಾಳಿಯ ಪಾತ್ರ ಸೊನ್ನೆ ಎಂದೇನೂ ಅಲ್ಲ. ಅದರ ಪಾಲೆಷ್ಟು ಅನ್ನುವ ಚರ್ಚೆ ಆಮೇಲೂ ನಡೆದಿದೆ. ಈ ಜಗಳದಲ್ಲಿ ನನಗೆ ಮುಖ್ಯ ಅನ್ನಿಸುವುದು ಒಂದೇ. ಗಾಳಿ ಒಂದೇ, ಅಳೆದವರೂ ಪ್ರಾಮಾಣಿಕರೇ. ಅಳತೆಗಳನ್ನು ಜೋಡಿಸಿದ ರೀತಿ ಬದಲಾಗಿದ್ದಕ್ಕೆ ಕಾರಣದ ಕಥೆಯೇ ಬದಲಾಯಿತು. ಹಾಗಾದರೆ ಅಳೆಯುವುದು ಹೇಗೆ?

ಹಳೆಯ, ಈಗಲೂ ಬಿಡಲಾಗದ ದಾರಿ ಬಲೂನು. ಸುಮಾರು ನೂರು ಗ್ರಾಂ ತೂಕದ ಉಪಕರಣವನ್ನು ರಬ್ಬರ್ ಬಲೂನಿಗೆ ಕಟ್ಟಿ ಬಿಡುತ್ತಾರೆ. ಅದಕ್ಕೆ ರೇಡಿಯೋಸೋಂಡ್ ಅನ್ನುತ್ತಾರೆ. ಸೆಕೆಂಡಿಗೆ ಐದು ಮೀಟರಿನಂತೆ ಏರುತ್ತ ಉಷ್ಣತೆ, ಒತ್ತಡ, ತೇವದ ಸುದ್ದಿಯನ್ನು ರೇಡಿಯೋ ಮೂಲಕ ಕೆಳಗೆ ಕಳಿಸುತ್ತದೆ. ಒಂದೂಮುಕ್ಕಾಲು ತಾಸಿನಲ್ಲಿ 30 ಕಿಲೋಮೀಟರ್ ಮುಟ್ಟುತ್ತದೆ. ಅಲ್ಲಿ ಗಾಳಿ ತೆಳು, ಬಲೂನು ಉಬ್ಬಿ ಉಬ್ಬಿ ಒಡೆಯುತ್ತದೆ. ಜಗತ್ತಿನಾದ್ಯಂತ ಎಷ್ಟೋ ನೂರು ಕೇಂದ್ರಗಳು ಒಂದೇ ಹೊತ್ತಿಗೆ ಇವನ್ನು ಹಾರಿಸುತ್ತವೆ. ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆ, ಸಂಜೆಯ ಐದೂವರೆ. ಪಣಜಿಯಲ್ಲಿ ಹವಾಮಾನ ಇಲಾಖೆ ಹಾರಿಸುವ ಬಲೂನೂ ಇದೇ ಸಾಲಿನದು. ಸೋವಿಯತ್ ವಿಜ್ಞಾನಿ ಪಾವೆಲ್ ಮೊಲ್ಚನೋವ್ ತಮ್ಮ ರೇಡಿಯೋಸೋಂಡ್ ಹಾರಿಸಿದ್ದು 1930ರ ಜನವರಿಯಲ್ಲಿ. ಅದಕ್ಕೂ ಒಂದು ವರ್ಷ ಮುಂಚೆ ಫ್ರಾನ್ಸಿನಲ್ಲಿ ರಾಬರ್ ಬ್ಯೂರೋ ಇಂಥದೇ ಪ್ರಯೋಗ ಮಾಡಿದ್ದರು.

ನಾಳೆ ಮಳೆ ಬರುತ್ತದೋ ಇಲ್ಲವೋ ನೋಡಲು ಅರ್ಧ ಡಿಗ್ರಿ ತಪ್ಪಿದರೂ ನಡೆಯುತ್ತದೆ. ಹತ್ತು ವರ್ಷಕ್ಕೆ ಅರ್ಧ ಡಿಗ್ರಿಗಿಂತ ಕಡಿಮೆ ಬದಲಾವಣೆಯನ್ನು ಹುಡುಕುವವರಿಗೆ ಅದು ನಡೆಯುವುದಿಲ್ಲ. ಕಷ್ಟ ಶುರುವಾಗುವುದೇ ಇಲ್ಲಿ. ಬಿಸಿಲು ಬಿದ್ದರೆ ಸಂವೇದಕ ಗಾಳಿಗಿಂತ ಬಿಸಿಯಾಗುತ್ತದೆ. ಎತ್ತರ ಹೋದಂತೆ ಆ ಶಾಖ ಹೊತ್ತೊಯ್ಯಲು ಗಾಳಿಯೇ ಕಡಿಮೆ, ಹಾಗಾಗಿ ತಪ್ಪು ಇನ್ನೂ ಜಾಸ್ತಿ. ಹಳೆಯ ಉಪಕರಣಗಳಲ್ಲಿ ಈ ತಪ್ಪು ದೊಡ್ಡದಿತ್ತು, ಹೊಸದರಲ್ಲಿ ಸಣ್ಣದು. ಎರಡನ್ನೂ ಸುಮ್ನೆ ಒಂದಕ್ಕೊಂದು ಅಂಟಿಸಿದರೆ, ಗಾಳಿ ತಣ್ಣಗಾಗದಿದ್ದರೂ ತಣ್ಣಗಾದಂತೆ ಕಾಣುತ್ತದೆ. ಧ್ರುವದಲ್ಲಂತೂ ಬೇಸಿಗೆಯಲ್ಲಿ ದಿನದ 24 ತಾಸೂ ಬಿಸಿಲು, ಚಳಿಗಾಲದಲ್ಲಿ ಒಂದು ತಾಸೂ ಇಲ್ಲ. ಅದೇ ಉಪಕರಣ ಆರು ತಿಂಗಳು ಒಂದು ಥರ, ಆರು ತಿಂಗಳು ಇನ್ನೊಂದು ಥರ ತಪ್ಪುತ್ತದೆ. ಬೇರೆ ಕಡೆಯಾದರೆ ಪಕ್ಕದ ಕೇಂದ್ರದ ಜತೆ ತಾಳೆ ನೋಡಿ ಸರಿಪಡಿಸಬಹುದು. ಅಂಟಾರ್ಕ್ಟಿಕದಲ್ಲಿ ಪಕ್ಕದ ಕೇಂದ್ರ ಎಂದರೆ ನೂರಾರು ಕಿಲೋಮೀಟರ್ ದೂರ. ಈ ತೊಂದರೆಗೆಂದೇ ಈಗ ಜರ್ಮನಿಯ ಲಿಂಡೆನ್‌ಬರ್ಗ್ ಕೇಂದ್ರವಾಗಿ ಒಂದು ಪ್ರಮಾಣಿತ ಜಾಲ ಇದೆ. ಅದರಲ್ಲಿ ಪ್ರತಿ ಬಲೂನಿನ ಅಳತೆಯ ಜತೆ ಅದರ ತಪ್ಪಿನ ಅಂದಾಜನ್ನೂ ದಾಖಲಿಸುತ್ತಾರೆ. ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ-ಆಲೆಸುಂಡ್ ಈ ಜಾಲದಲ್ಲಿದೆ.

ಆರ್ಕ್ಟಿಕ್‌ನ ನಡುವೆ ನೆಲವೇ ಇಲ್ಲವಲ್ಲ, ಅಲ್ಲಿ ಯಾರು ಬಲೂನು ಹಾರಿಸುತ್ತಾರೆ? ಸೋವಿಯತ್ ವಿಜ್ಞಾನಿಗಳು ತೇಲುವ ಮಂಜುಗಡ್ಡೆಯ ಮೇಲೇ ಡೇರೆ, ಗುಡಿಸಲು ಹಾಕಿ ಕೂತರು. ಮೊದಲ ತೇಲು ನಿಲ್ದಾಣ 1937ರದು. 1950ರ ದಶಕದಿಂದ 1991ರವರೆಗೆ ಈ ಕೆಲಸ ನಡೆದು, ಸೋವಿಯತ್ ಒಕ್ಕೂಟ ಒಡೆದಾಗ ನಿಂತಿತು. 2003ರಲ್ಲಿ ರಷ್ಯಾ ಮತ್ತೆ ಶುರು ಮಾಡಿತು. 2019ರಲ್ಲಿ ಜರ್ಮನಿಯ ಪೋಲಾರ್‌ಸ್ಟೆರ್ನ್ ಹಡಗು ಬೇಕಂತಲೇ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡು, ಅದರ ಜತೆ ತೇಲುತ್ತ, ಆರು ತಾಸಿಗೊಮ್ಮೆ ಬಲೂನು ಬಿಟ್ಟಿತು. ಕಗ್ಗತ್ತಲ ಚಳಿಯಲ್ಲಿ ಬಲೂನು ಹಿಡಿದು ನಿಂತ ಆ ಜನರಿಗೆ ನಾವು ಋಣಿಗಳು. ಅವರ ಒಂದೊಂದು ಸಾಲಿನ ಅಂಕಿಯೂ ಮತ್ತೆ ಸಿಗುವಂಥದಲ್ಲ. ಕಳೆದುಹೋದ ಚಳಿಗಾಲವನ್ನು ಈಗ ಹೋಗಿ ಅಳೆಯಲಾಗದು.

ಉಪಗ್ರಹ ಇದೆಯಲ್ಲ ಅನ್ನಬಹುದು. 1978ರ ಕೊನೆಯಿಂದ ಇದೆ. ಗಾಳಿಯ ಆಮ್ಲಜನಕ ಸದಾ ಸಣ್ಣಗೆ ಮೈಕ್ರೋವೇವ್ ಹೊಮ್ಮಿಸುತ್ತಿರುತ್ತದೆ. ಬಿಸಿ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಯಾವ ಆವರ್ತನದಲ್ಲಿ ಕೇಳಿಸಿಕೊಳ್ಳುತ್ತೇವೆ ಅನ್ನುವುದರ ಮೇಲೆ ಯಾವ ಎತ್ತರದ ಸುದ್ದಿ ಬರುತ್ತದೆ ಎಂದು ತೀರ್ಮಾನವಾಗುತ್ತದೆ. ಆದರೆ ಒಂದೊಂದು ಆವರ್ತನವೂ ಹಲವು ಕಿಲೋಮೀಟರ್ ದಪ್ಪದ ಪದರದ ಸರಾಸರಿ ಕೊಡುತ್ತದೆ. ಜೋಳ, ಗೋಧಿ, ಕಡಲೆ ಕೂಡಿಸಿ ಗಿರಣಿಯಲ್ಲಿ ಬೀಸಿಸಿದ ಹಿಟ್ಟಿನ ಹಾಗೆ. ಒಟ್ಟು ರುಚಿ ಗೊತ್ತಾಗುತ್ತದೆ, ಯಾವ ಕಾಳು ಹೇಗಿತ್ತು ಹೇಳುವುದು ಕಷ್ಟ. ಧ್ರುವದ ಕಥೆಯ ತಿರುಳಿರುವುದೇ ಕೆಳಗಿನ ಕೆಲವು ನೂರು ಮೀಟರಿನಲ್ಲಿ. ಅಷ್ಟು ತೆಳು ಪದರ ಅದಕ್ಕೆ ಸಿಗುವುದಿಲ್ಲ. ಮಂಜುಗಡ್ಡೆ, ನೀರು ಕೂಡ ಬೇರೆ ಬೇರೆ ಪ್ರಮಾಣದಲ್ಲಿ ಮೈಕ್ರೋವೇವ್ ಹೊಮ್ಮಿಸಿ ಲೆಕ್ಕ ಕಲಕುತ್ತವೆ. ಸಾಲದ್ದಕ್ಕೆ ಉಪಗ್ರಹವೇ ಮೆಲ್ಲಗೆ ಕೆಳಗಿಳಿಯುತ್ತದೆ. ಹಾಗೆ ಇಳಿದದ್ದರಿಂದ ಕೆಳಪದರ ತಣ್ಣಗಾಗುತ್ತಿದೆ ಎಂಬ ಸುಳ್ಳು ಸುದ್ದಿ ಹುಟ್ಟಿತ್ತು ಎಂದು ವೆಂಟ್ಜ್ ಮತ್ತು ಶಾಬೆಲ್ 1998ರಲ್ಲಿ ತೋರಿಸಿದರು.

ಇನ್ನೊಂದು ಜಾಣ ದಾರಿ ಜಿಪಿಎಸ್. ಅದರ ಸಂಕೇತ ಭೂಮಿಯ ಅಂಚಿನ ಗಾಳಿಯನ್ನು ಸೀಳಿಕೊಂಡು ಇನ್ನೊಂದು ಉಪಗ್ರಹಕ್ಕೆ ಬರುವಾಗ ಬಾಗುತ್ತದೆ. ಎಷ್ಟು ಬಾಗಿತು ಎಂಬುದರಿಂದ ಗಾಳಿಯ ಸಾಂದ್ರತೆ, ಅದರಿಂದ ಉಷ್ಣತೆ. ಅಳೆಯುವುದು ಸಮಯವನ್ನು, ಅದೂ ಪರಮಾಣು ಗಡಿಯಾರದಿಂದ. ಹಾಗಾಗಿ ಹಳೆ ಉಪಕರಣ, ಹೊಸ ಉಪಕರಣ ಎಂಬ ತಕರಾರು ಕಡಿಮೆ. 1995ರಲ್ಲಿ ಪ್ರಯೋಗವಾಗಿ ಶುರುವಾಗಿ, 2006ರಲ್ಲಿ ತೈವಾನ್ ಮತ್ತು ಅಮೆರಿಕ ಸೇರಿ ಆರು ಉಪಗ್ರಹಗಳನ್ನು ಇದಕ್ಕೆಂದೇ ಹಾರಿಸಿದವು. ಎಂಟರಿಂದ ಮೂವತ್ತು ಕಿಲೋಮೀಟರ್ ನಡುವೆ ಇದು ತುಂಬಾ ನಿಖರ.

ಆ ಮೇಲಿನ ಪದರದಲ್ಲಿ, ಅಂದರೆ ಸ್ಟ್ರಾಟೋಸ್ಫಿಯರ್‌ನಲ್ಲಿ, ಕಥೆ ಪೂರಾ ಉಲ್ಟಾ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಕೆಳಗೆ ಬಿಸಿ, ಅಲ್ಲಿ ಚಳಿ. ಮನಾಬೆ ಮತ್ತು ವೆದರಾಲ್ಡ್ 1967ರಲ್ಲೇ ಇದನ್ನು ಲೆಕ್ಕ ಹಾಕಿದ್ದರು. ಸೂರ್ಯನೇ ಹೆಚ್ಚು ಬಿಸಿಲು ಕೊಡುತ್ತಿದ್ದರೆ ಮೇಲೂ ಕೆಳಗೂ ಬಿಸಿಯಾಗಬೇಕಿತ್ತು. ಅಂಟಾರ್ಕ್ಟಿಕದ ಮೇಲೆ ಓಝೋನ್ ರಂಧ್ರವೂ ಸೇರಿ, ಅಲ್ಲಿನ ವಸಂತದಲ್ಲಿ ಈ ಪದರ ಜೋರಾಗಿ ತಣ್ಣಗಾಗಿತ್ತು. ಬಿಸಿಲು ಹೀರುವ ಓಝೋನೇ ಇಲ್ಲವಾದರೆ ಗಾಳಿ ಬೆಚ್ಚಗಾಗುವುದು ಎಲ್ಲಿಂದ? ಅದರ ನಡುವೆ, 2006ರಲ್ಲಿ ಬ್ರಿಟನ್ನಿನ ಟರ್ನರ್ ಮತ್ತು ಜತೆಗಾರರು ಹಳೆಯ ಬಲೂನು ದಾಖಲೆಗಳಿಂದ ಇನ್ನೊಂದು ಸಂಗತಿ ಹೆಕ್ಕಿದರು. ಅಂಟಾರ್ಕ್ಟಿಕದ ಚಳಿಗಾಲದಲ್ಲಿ ಸುಮಾರು ಐದು ಕಿಲೋಮೀಟರ್ ಎತ್ತರದ ಗಾಳಿ, ಹಿಂದಿನ ಮೂವತ್ತು ವರ್ಷದಲ್ಲಿ ದಶಕಕ್ಕೆ 0.5ರಿಂದ 0.7 ಡಿಗ್ರಿಯಂತೆ ಬಿಸಿಯಾಗಿತ್ತು. ನೆಲದ ಥರ್ಮಾಮೀಟರ್ ಮಾತ್ರ ನೋಡಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ.

ನಮ್ಮ ದೇಶದ ಪಾಲೂ ಇದರಲ್ಲಿದೆ. ಹುಬ್ಬಳ್ಳಿಯಿಂದ ಲೋಂಡಾ ಮೇಲೆ ಹೋಗುವ ರೈಲು ಕೊನೆಗೆ ಮುಟ್ಟುವ ವಾಸ್ಕೋದಲ್ಲೇ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇದೆ. ನ್ಯೂ-ಆಲೆಸುಂಡ್‌ನ 'ಹಿಮಾದ್ರಿ', ಅಂಟಾರ್ಕ್ಟಿಕದ 'ಮೈತ್ರಿ', 'ಭಾರತಿ' ನಡೆಯುವುದು ಅಲ್ಲಿಂದ. ಮೈತ್ರಿಯಿಂದ ಹವಾಮಾನ ಇಲಾಖೆಯವರು ಓಝೋನ್ ಅಳೆಯುವ ಬಲೂನು ಹಾರಿಸಿದ್ದಾರೆ. ನಮ್ಮ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವ ಮಕ್ಕಳಿಗೆ ಇದು ಒಂದು ರಾತ್ರಿಯ ಪ್ರಯಾಣವೂ ಅಲ್ಲದಷ್ಟು ಹತ್ತಿರದ ಕೆಲಸ ಎಂದು ಯಾರಾದರೂ ಹೇಳಬೇಕು.

ಇಷ್ಟೆಲ್ಲ ಇದ್ದರೂ ಬಲೂನುಗಳು ಕಡಿಮೆಯಾಗುವ ಭಯ ಈಗಿದೆ. 2025ರ ಫೆಬ್ರುವರಿಯಲ್ಲಿ ಅಲಾಸ್ಕದ ಕಾಟ್ಜೆಬ್ಯೂ ಕೇಂದ್ರ ಸಿಬ್ಬಂದಿ ಇಲ್ಲದೆ ಬಲೂನು ಹಾರಿಸುವುದನ್ನು ನಿಲ್ಲಿಸಿತು. ಆರ್ಕ್ಟಿಕ್ ವೃತ್ತದ ಅಂಚಿನ ಊರದು. ಹೀಗೆ ದಾಖಲೆಯಲ್ಲಿ ಬಿದ್ದ ತೂತನ್ನು ಮಾದರಿ ತನ್ನ ಅಂದಾಜಿನಿಂದ ತುಂಬುತ್ತದೆ. 2008ರ ಜಗಳ ಹುಟ್ಟಿದ್ದು ಅಂಥ ಜಾಗದಲ್ಲೇ.

ಆಸಕ್ತಿ ಇದ್ದವರು ಈ ಅಂಕಿಗಳನ್ನು ತಾವೇ ನೋಡಬಹುದು. ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯ ಜಗತ್ತಿನ ಬಲೂನು ಅಳತೆಗಳನ್ನು ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ದಕ್ಷಿಣ ಧ್ರುವದ ಸಂಖ್ಯೆ 89009, ನ್ಯೂ-ಆಲೆಸುಂಡ್‌ದು 01004. ಜುಲೈ ತಿಂಗಳ ಒಂದು ದಿನ ಆರಿಸಿ 89009ರ ಪಟ್ಟಿ ತೆಗೆಯಿರಿ. ಮೊದಲ ಸಾಲಿನ ಉಷ್ಣತೆ ಬರೆದುಕೊಂಡು, ಮೂರು ನಾಲ್ಕು ನೂರು ಮೀಟರ್ ಮೇಲಿನ ಸಾಲಿನ ಜತೆ ಹೋಲಿಸಿ. ಆಮೇಲೆ ಜನವರಿಯ ಒಂದು ದಿನ ತೆಗೆದು ಅದನ್ನೇ ಮಾಡಿ. ಎರಡರ ವ್ಯತ್ಯಾಸ ಮೇಜಿನ ಮೇಲಿನ ಕಾಗದದಲ್ಲೇ ಕಾಣುತ್ತದೆ.