ಬ್ರೇಕ್ ಆಯಿಲ್ ನೀರು ಕುಡಿಯುತ್ತದೆ

"ಹೊಡೀರಿ, ಹೊಡೀರಿ, ಹೊಡೀರಿ... ಹಾಂ, ಒತ್ತಿ ಹಿಡ್ಕೊಳ್ರಿ ಸರ, ಬಿಡಬ್ಯಾಡ್ರಿ!"

ಹುಬ್ಬಳ್ಳಿಯ ಗೋಕುಲ ರೋಡಿಗೆ ಹತ್ತಿರದ ಒಂದು ಸಣ್ಣ ಗ್ಯಾರೇಜಿನಲ್ಲಿ ನನ್ನದೇ ಕಾರಿನೊಳಗೆ ಕೂತು ಬ್ರೇಕ್ ಪೆಡಲ್ ತುಳಿಯುತ್ತಿದ್ದೆ. ಮಿಸ್ತ್ರಿ ಹಿಂದಿನ ಎಡಗಾಲಿಯ ಪಕ್ಕ ಮಲಗಿದ್ದರು. ಅವರ ಹುಡುಗ ಊಟಕ್ಕೆ ಹೋಗಿದ್ದ, ಹಾಗಾಗಿ ಈ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಒತ್ತಿ ಹಿಡಿದ ಕೂಡಲೇ ಅವರು ಪಾನಾ ಹಾಕಿ, ಹಳೇ ಆಯಿಲ್ ಹೊರಬಿಡುವ ನಿಪ್ಪಲ್ ಒಂಚೂರು ಸಡಿಲ ಮಾಡೋರು, ಪೆಡಲ್ ನನ್ನ ಕಾಲ ಕೆಳಗೆ ಕುಸಿದು ಹೋಗೋದು, ತೆಳ್ಳಗಿನ ಪೈಪಿನಿಂದ ಹಳೇ ನೀರಿನ ಬಾಟಲಿಗೆ ಆಯಿಲ್ ಇಳಿಯೋದು. ಹೊಸ ಬ್ರೇಕ್ ಆಯಿಲ್ ತಿಳಿ ಹಳದಿ ಇರುತ್ತದೆ. ನನ್ನದು ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು.

"ಚೇಂಜ್ ಮಾಡಿಸಿ ಎಷ್ಟ್ ವರ್ಷ ಆತ್ರಿ?"

ಕಾರು ತಗೊಂಡು ಐದು ವರ್ಷ ಆಗಿತ್ತು. ಬ್ರೇಕ್ ಆಯಿಲ್ ಬದಲಾಯಿಸಬೇಕು ಅನ್ನೋದೇ ನನಗೆ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಅದರ ಹಿಂದಿನ ಭಾನುವಾರ. ಐದು ಜನ ಗೋಕರ್ಣಕ್ಕೆ ಹೊರಟಿದ್ದೆವು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ನಾನು ನಾಲ್ಕನೇ ಗೇರಿನಲ್ಲೇ ಬ್ರೇಕ್ ಮೇಲೆ ಕಾಲಿಟ್ಟುಕೊಂಡು, ಹರಟೆ ಹೊಡೆಯುತ್ತಾ ಆರಾಮಾಗಿ ಬರುತ್ತಿದ್ದೆ. ಗಾಲಿಯನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಪ್ಯಾಡ್ ಹೊಸದಾಗಿ ಹಾಕಿಸಿ ಮೂರೇ ತಿಂಗಳಾಗಿತ್ತಲ್ಲ, ಚಿಂತೆ ಯಾಕೆ? ಒಂದು ತಿರುವಿನಲ್ಲಿ ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಯಿತು, ಹಸಿ ಹಿಟ್ಟಿನ ಮೇಲೆ ಕಾಲಿಟ್ಟ ಹಾಗೆ. ಎರಡು ಮೂರು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು ಹೇಗೋ ಪಕ್ಕಕ್ಕೆ ನಿಲ್ಲಿಸಿದೆ. ಕಾರಿನೊಳಗೆ ಯಾರೂ ಮಾತಾಡಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಪೆಡಲ್ ಮತ್ತೆ ಗಟ್ಟಿ! ಏನೂ ಆಗೇ ಇಲ್ಲ ಅನ್ನೋ ಹಾಗೆ.

ಈ ಅರ್ಧ ಗಂಟೆಯಲ್ಲಿ ಏನಾಯ್ತು ಅನ್ನೋದೇ ಇಡೀ ಕಥೆ.

ಬ್ರೇಕ್ ಕಾರನ್ನು ನಿಲ್ಲಿಸುತ್ತದೆ ಅಂತ ನಾವು ಹೇಳುತ್ತೇವೆ. ಅದು ಮಾಡುವ ಅಸಲಿ ಕೆಲಸ ಓಟವನ್ನು ಶಾಖ ಮಾಡೋದು. ಐದು ಜನ ಕೂತ ಸಣ್ಣ ಕಾರು ಸುಮಾರು 1,300 ಕೆಜಿ ಇರುತ್ತದೆ ಅನ್ನಿ. ಗಂಟೆಗೆ 80 ಕಿಮೀ ವೇಗದಿಂದ ಅದನ್ನು ಪೂರ್ತಿ ನಿಲ್ಲಿಸಿದರೆ ಹುಟ್ಟುವ ಶಾಖದಲ್ಲಿ ಒಂದು ಲೀಟರ್ ತಣ್ಣೀರನ್ನು ಕುದಿಗೆ ತರಬಹುದು. ಒಂದೇ ಒಂದು ಸಲ ನಿಲ್ಲಿಸಿದ್ದಕ್ಕೆ ಇಷ್ಟು. ವೇಗ 40 ಇದ್ದರೆ ಶಾಖ ಅರ್ಧ ಅಲ್ಲ, ಕಾಲು ಭಾಗ ಮಾತ್ರ. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಈಗ ಅದೇ ಕಾರು ಘಟ್ಟದಲ್ಲಿ 300 ಮೀಟರ್ ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿಯಿತು ಅಂದುಕೊಳ್ಳಿ. 12 ಲೀಟರ್ ನೀರು ಕುದಿಸುವಷ್ಟು ಶಾಖ! ಅದರಲ್ಲಿ ಹೆಚ್ಚಿನ ಪಾಲು ಮುಂದಿನ ಗಾಲಿಗಳ ಜೊತೆ ತಿರುಗುವ ಎರಡು ಲೋಹದ ತಟ್ಟೆ, ಅಂದರೆ ಡಿಸ್ಕಿನ ಮೇಲೇ ಬೀಳುತ್ತದೆ, ಯಾಕೆಂದರೆ ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಕೊಟ್ಟು ಕಂಪನಿಯವರು ಸುಮ್ಮನಾಗೋದು ಇದಕ್ಕೇ.

ಇನ್ನು ಆಯಿಲ್. ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ ಒಂದು ಸಿರಿಂಜ್ ತನ್ನಿ. ಗಾಳಿ ಗುಳ್ಳೆ ಇಲ್ಲದಂತೆ ನೀರು ತುಂಬಿ, ತುದಿಗೆ ಬೆರಳು ಒತ್ತಿಟ್ಟು ತಳ್ಳಿ ನೋಡಿ. ಒಂಚೂರೂ ಅಲ್ಲಾಡಲ್ಲ. ನೀರು ಚೆಲ್ಲಿ ಗಾಳಿ ತುಂಬಿ ತಳ್ಳಿ, ಸಲೀಸಾಗಿ ಅರ್ಧದವರೆಗೆ ಹೋಗುತ್ತದೆ. ದ್ರವ ಕುಗ್ಗಲ್ಲ, ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮವಾಗಿ ಹೋಗುತ್ತದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ಹೇಳಿದ್ದು ಇದನ್ನೇ. ಪೆಡಲ್ ಹಿಂದಿನ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಚಿಕ್ಕದು, ಗಾಲಿಯಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಅದಕ್ಕೇ ಕಾಲಿನ ಬಲ ಅಲ್ಲಿ ಹಲವು ಪಟ್ಟಾಗಿ ಬೀಳುತ್ತದೆ. ಮೊದಲೆಲ್ಲ ಕಾರಿಗೂ ಸೈಕಲ್ಲಿನ ಹಾಗೆ ಕಂಬಿ, ಕೇಬಲ್ ಬ್ರೇಕ್ ಇತ್ತು, ಒಂದು ಗಾಲಿ ಹಿಡಿದರೆ ಇನ್ನೊಂದು ಹಿಡೀತಿರಲಿಲ್ಲ. ನಾಲ್ಕೂ ಗಾಲಿಗೆ ಆಯಿಲ್ ಬ್ರೇಕ್ ಇರುವ ಕಾರನ್ನು ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿ 1921ರಲ್ಲಿ ಮಾರಾಟಕ್ಕೆ ತಂದಿತು. ಆ ಬ್ರೇಕಿನ ಹಿಂದಿದ್ದವನು ಮಾಲ್ಕಮ್ ಲಾಕ್‌ಹೀಡ್. ಹೌದು, ವಿಮಾನದ ಲಾಕ್‌ಹೀಡ್ ಅಣ್ಣತಮ್ಮಂದಿರಲ್ಲಿ ಒಬ್ಬ.

ನಾವು ಆಯಿಲ್ ಅಂತೀವಿ, ನಿಜವಾಗಿ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ. ಎಣ್ಣೆ ನೀರಿನ ಜೊತೆ ಸೇರಲ್ಲ, ಇದು ನೀರು ಕಂಡರೆ ಬಿಡಲ್ಲ. ರಬ್ಬರ್ ಹೋಸಿನ ಮೂಲಕ, ಬಾನೆಟ್ ಕೆಳಗಿನ ಆಯಿಲ್ ಡಬ್ಬಿಯ ಮುಚ್ಚಳದ ಮೂಲಕ ಗಾಳಿಯಲ್ಲಿರುವ ತೇವವನ್ನು ಸ್ವಲ್ಪ ಸ್ವಲ್ಪವೇ ಕುಡಿಯುತ್ತಾ ಹೋಗುತ್ತದೆ. ಕಾರು ಓಡಿಸದೆ ಸುಮ್ನೆ ಮನೆ ಮುಂದೆ ನಿಲ್ಲಿಸಿದ್ದರೂ ಅಷ್ಟೇ. ಧಾರವಾಡದ ಜಿಟಿಜಿಟಿ ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೋಡಿದ್ದೀರಲ್ಲ, ಹಾಗೆ. ಇದು ದೋಷ ಅಂತ ಅನ್ನಿಸಬಹುದು, ಆದರೆ ನೀರನ್ನು ಹೀಗೆ ತನ್ನೊಳಗೆ ಕರಗಿಸಿಕೊಳ್ಳದಿದ್ದರೆ ಅದು ಹನಿಯಾಗಿ ಎಲ್ಲಕ್ಕಿಂತ ಕೆಳಗೆ, ಅಂದರೆ ಕ್ಯಾಲಿಪರಿನಲ್ಲೇ ಹೋಗಿ ಕೂರುತ್ತಿತ್ತು. ಅಲ್ಲಿ ತುಕ್ಕು ಹಿಡಿಸುತ್ತಿತ್ತು, ಹೆಚ್ಚು ಬಿಸಿಯಾಗುವ ಜಾಗದಲ್ಲೇ ಬೇಗ ಕುದಿಯುತ್ತಿತ್ತು.

ಡಾಟ್ ಅನ್ನೋದು ಬ್ರೇಕ್ ಆಯಿಲಿನ ದರ್ಜೆ. ಹೊಸ ಡಾಟ್ 3 ಆಯಿಲ್ ಕಡಿಮೆ ಅಂದರೂ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿವರೆಗೆ. ಅದರಲ್ಲಿ 3.7 ಶೇಕಡಾ ನೀರು ಸೇರಿದರೆ ಈ ಮಟ್ಟ 140 ಮತ್ತು 155ಕ್ಕೆ ಇಳಿಯುತ್ತದೆ. ನೂರಕ್ಕೆ ನಾಲ್ಕು ಭಾಗವೂ ಇಲ್ಲದ ನೀರಿನ ಆಟ ಇದು! ಘಟ್ಟದಲ್ಲಿ ಡಿಸ್ಕ್ ಕಾದು, ಆ ಕಾವು ಪ್ಯಾಡ್ ದಾಟಿ ಪಿಸ್ಟನ್‌ಗೆ ಬಂದು, ಅದರ ಹಿಂದಿನ ಆಯಿಲ್ ಕುದಿಯಿತು. ಆವಿಯ ಗುಳ್ಳೆ ಎದ್ದವು. ಗಾಳಿ ತುಂಬಿದ ಸಿರಿಂಜ್ ನೆನಪಿದೆ ಅಲ್ವಾ? ನನ್ನ ಕಾಲು ಒತ್ತುತ್ತಿದ್ದದ್ದು ಪ್ಯಾಡನ್ನಲ್ಲ, ಆ ಗುಳ್ಳೆಗಳನ್ನು. ಅರ್ಧ ಗಂಟೆಯಲ್ಲಿ ತಣ್ಣಗಾಗಿ ಆವಿ ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ಪ್ಯಾಡ್ ಹೊಸದಿದ್ದರೂ ಒಂದೇ, ಹಳೇದಿದ್ದರೂ ಒಂದೇ.

ಎಬಿಎಸ್ ಇತ್ತಲ್ಲ ಅಂತ ಗೆಳೆಯನೊಬ್ಬ ಕೇಳಿದ. ಇತ್ತು, 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಅದು ಕಡ್ಡಾಯ. ಗಾಲಿ ಜಾಮ್ ಆಗಿ ಜಾರದಂತೆ ನೋಡಿಕೊಳ್ಳೋದಷ್ಟೇ ಅದರ ಕೆಲಸ, ಅದಕ್ಕೂ ಬೇಕಾದದ್ದು ಇದೇ ಆಯಿಲಿನ ಒತ್ತಡ.

ಮೂರು ತಿಂಗಳ ಹಿಂದೆ ಬೇರೆ ಕಡೆ ಪ್ಯಾಡ್ ಹಾಕಿಸಿದಾಗ ಏನು ಮಾಡಿದ್ದರು ಅಂತ ಮಿಸ್ತ್ರಿ ಕೇಳಿದರು. ಡಿಸ್ಕಿಗೆ ಪಾಲಿಶ್ ಪೇಪರ್ ಹೊಡೆದರು, ಆಯಿಲ್ ಕಡಿಮೆ ಇದೆ ಅಂತ ಟಾಪ್‌ಅಪ್ ಮಾಡಿದರು ಅಂದೆ. ಅವರು ನಕ್ಕರು. ಪ್ಯಾಡ್ ಸವೆದ ಹಾಗೆ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದೆ ಖಾಲಿಯಾದ ಜಾಗ ತುಂಬೋಕೆ ಡಬ್ಬಿಯ ಆಯಿಲ್ ಇಳಿಯುತ್ತದೆ. ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ತಳ್ಳಿದರೆ ಲೆವೆಲ್ ತಾನಾಗೇ ಮೇಲೆ ಬರುತ್ತದೆ. ಮೊದಲೇ ಟಾಪ್‌ಅಪ್ ಮಾಡಿದ್ದರೆ ಉಕ್ಕಿ ಹೊರಗೆ ಚೆಲ್ಲುತ್ತದೆ, ಚೆಲ್ಲಿದ ಕಡೆ ಪೇಂಟ್ ಎದ್ದು ಬರುತ್ತದೆ. ಬಾನೆಟ್ ಎತ್ತಿ ನೋಡಿದರೆ ಡಬ್ಬಿಯ ಕೆಳಗೆ ಪೇಂಟ್ ಸುಲಿದಿತ್ತು.

"ಪ್ಯಾಡ್ ಸವದ್ರ ಕೀಂವ್ ಅಂತ ಕೂಗತೈತ್ರಿ. ಆಯಿಲ್ ಪಾಪ ಮೂಕಪ್ರಾಣಿ," ಅಂದರು. ಮಾತು ನಿಜ. ಬಹಳಷ್ಟು ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ, ಪ್ಯಾಡ್ ತೆಳ್ಳಗಾದಾಗ ಅದು ಡಿಸ್ಕಿಗೆ ಉಜ್ಜಿ ಕಿರುಚುತ್ತದೆ. ಮಳೆ ಬಂದ ಮರುದಿನ ಬೆಳಗ್ಗೆ ಕೇಳುವ ಕರಕರ ಸದ್ದು ಬೇರೆ. ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.

ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಕಾರು ಎಷ್ಟೇ ಕಡಿಮೆ ಓಡಿರಲಿ. ಸೀಲ್ ಇರುವ ಬಾಟಲಿಯನ್ನು ನಿಮ್ಮ ಎದುರೇ ಒಡೆಯಲಿ, ತಿಂಗಳುಗಟ್ಟಲೆ ಶೆಲ್ಫ್ ಮೇಲೆ ತೆರೆದಿದ್ದ ಬಾಟಲಿ ಅಷ್ಟೊತ್ತಿಗೆ ಸಾಕಷ್ಟು ನೀರು ಕುಡಿದಿರುತ್ತದೆ. ಮತ್ತೆ, ದಾರಿಯಲ್ಲಿ ಆಯಿಲ್ ಕಡಿಮೆಯಾಯಿತು ಅಂತ ಎಂಜಿನ್ ಆಯಿಲ್ ಸುರಿಯಲೇಬೇಡಿ, ಒಳಗಿನ ರಬ್ಬರ್ ಸೀಲ್ ಎಲ್ಲ ಉಬ್ಬಿ ಹಾಳಾಗುತ್ತವೆ.

ಇಷ್ಟು ಹೊತ್ತಿಗೆ ಹುಡುಗ ಊಟ ಮುಗಿಸಿ ಬಂದು ಹಿಂದಿನ ಡ್ರಮ್ ಬಿಚ್ಚಿ, ಕಪ್ಪು ಧೂಳನ್ನು ಕಂಪ್ರೆಸರ್ ಗಾಳಿಯಲ್ಲಿ ಊದೋಕೆ ಹೋದ. ಮಿಸ್ತ್ರಿ ಗದರಿದರು, ಒದ್ದೆ ಬಟ್ಟೆಯಲ್ಲಿ ಒರೆಸು ಅಂದರು. ನನಗೆ ಖುಷಿಯಾಯಿತು. ಡ್ರಮ್ಮಿನ ಒಳಗೆ ಉಜ್ಜುವ ಹಳೇ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಈಗಿನ ಧೂಳೂ ಕುಡಿಯುವಂಥದ್ದಲ್ಲ.

ನಾಲ್ಕೂ ಗಾಲಿ ಮುಗಿದ ಮೇಲೆ ಡಬ್ಬಿಗೆ ಬಿಳಿ ಟೇಪ್ ಅಂಟಿಸಿ ಪೆನ್ನಿನಿಂದ ತಾರೀಖು ಬರೆದುಕೊಟ್ಟರು. ಘಟ್ಟದಲ್ಲಿ ಎಂಜಿನ್ ಆಫ್ ಮಾಡಿ ಇಳಿಯೋ ಚಾಳಿ ಇದೆಯಾ ಅಂತಲೂ ಕೇಳಿದರು. ಪೆಡಲನ್ನು ಹಗುರ ಮಾಡುವ ಬೂಸ್ಟರ್ ಎಂಜಿನ್ನಿನಿಂದಲೇ ನಡೆಯೋದು, ಎಂಜಿನ್ ಆಫ್ ಆದರೆ ಎರಡು ಮೂರು ಸಲ ತುಳಿಯುವುದರೊಳಗೆ ಪೆಡಲ್ ಕಲ್ಲಾಗುತ್ತದೆ. ಆ ಚಾಳಿ ನನಗಿಲ್ಲ, ಪುಣ್ಯಕ್ಕೆ.

ಹೋದ ತಿಂಗಳು ಮತ್ತೆ ಅರಬೈಲ್ ಇಳಿದೆ. ಎರಡನೇ ಗೇರು, ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತ್ತು, ಬ್ರೇಕ್ ತಿರುವಿನಲ್ಲಿ ಮಾತ್ರ. ಹಿಂದಿದ್ದವನು ಕೆಳಗಿಳಿಯೋತನಕ ಹಾರ್ನ್ ಹೊಡೀತಾನೇ ಇದ್ದ.