ಸತ್ತವರು ಬಿಟ್ಟುಹೋದ ಬಾಕಿ: ಸಾಹಿತ್ಯದಲ್ಲಿ ಸಾವು, ಅಗಲಿಕೆ ಮತ್ತು ಪಾತ್ರ

"ಸಾವು ಈ ಪಾತ್ರದ ಮೇಲೆ ಬೀರಿದ ಪರಿಣಾಮವನ್ನು ವಿವರಿಸಿ" ಎಂಬ ಪ್ರಶ್ನೆ ಬಂದರೆ ನಾವೆಲ್ಲ ಹೆಚ್ಚುಕಡಿಮೆ ಒಂದೇ ಉತ್ತರ ಬರೆಯುತ್ತೇವೆ. ಪಾತ್ರಕ್ಕೆ ತುಂಬಾ ದುಃಖವಾಯಿತು. ಆಮೇಲೆ ಪಾತ್ರ ಬದಲಾಯಿತು. ಕೊನೆಗೆ ಬದುಕು ಅಂದರೆ ಏನೆಂದು ಅದಕ್ಕೆ ಅರ್ಥವಾಯಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದೇ ಉತ್ತರವನ್ನು ಯಾವ ಕೃತಿಗೆ ಬೇಕಾದರೂ ಅಂಟಿಸಬಹುದು. ಎಲ್ಲದಕ್ಕೂ ಅಂಟುವ ಉತ್ತರ ಯಾವ ಕೃತಿಯ ಬಗ್ಗೆಯೂ ಏನೂ ಹೇಳಿರುವುದಿಲ್ಲ, ಅಲ್ವಾ?

ನನಗೆ ಈ ವಿಷಯದಲ್ಲಿ ದಾರಿ ತೋರಿಸಿದ್ದು ಒಂದು ಸಾದಾ ಮಾತು: ಬಾಕಿ. ಇಬ್ಬರ ನಡುವೆ ಯಾವಾಗಲೂ ಏನೋ ಒಂದು ಬಾಕಿ ಇರುತ್ತದೆ. ಆಡದ ಮಾತು, ಕೇಳದ ಕ್ಷಮೆ, ತೀರಿಸದ ಸಿಟ್ಟು, ಮುಚ್ಚಿಟ್ಟ ಗುಟ್ಟು. ಇಬ್ಬರೂ ಬದುಕಿರುವವರೆಗೆ ಅದನ್ನು ನಾಳೆ ನೋಡಿಕೊಳ್ಳಬಹುದು. ಒಬ್ಬರು ಹೋದ ಮೇಲೆ ಅಷ್ಟನ್ನೂ ಉಳಿದವರು ಒಂಟಿಯಾಗಿ ಹೊರಬೇಕು. ಅದನ್ನು ಅವರು ಹೇಗೆ ಹೊರುತ್ತಾರೆ, ಯಾರ ಮೇಲೆ ಹಾಕುತ್ತಾರೆ, ಎಲ್ಲಿ ಇಳಿಸುತ್ತಾರೆ ಎಂಬುದರಲ್ಲಿ ಪಾತ್ರ ಕಾಣುತ್ತದೆ. ಅದಕ್ಕೇ ಸಾವಿನ ದೃಶ್ಯ ಓದುವಾಗ "ಎಷ್ಟು ದುಃಖ?" ಎಂದು ಕೇಳುವ ಬದಲು "ಏನು ಬಾಕಿ?" ಎಂದು ಕೇಳಿ ನೋಡಿ.

ರನ್ನನ ದುರ್ಯೋಧನ

ಇದಕ್ಕೆ ನಮ್ಮ ಭಾಷೆಯಲ್ಲೇ ಸಿಗುವ ದೊಡ್ಡ ಉದಾಹರಣೆ ರನ್ನನ ಗದಾಯುದ್ಧ. ಹತ್ತನೆಯ ಶತಮಾನದ ಕೊನೆಯ ಹೊತ್ತಿನ ಕಾವ್ಯ. ಯುದ್ಧ ಬಹುತೇಕ ಮುಗಿದಿದೆ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡೆದು ಭೀಷ್ಮನ ಬಳಿ ಹೋಗುತ್ತಿದ್ದಾನೆ. ದಾರಿಯಲ್ಲಿ ಒಬ್ಬೊಬ್ಬರೇ ಸಿಗುತ್ತಾರೆ: ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ.

ಇಷ್ಟೂ ಜನರಿಗಾಗಿ ಅವನು ಮರುಗುತ್ತಾನೆ. ಆದರೆ ಒಂದು ಮರುಕ ಇನ್ನೊಂದರ ಹಾಗಿಲ್ಲ. ನಿಧಾನವಾಗಿ ಗಮನಿಸಬೇಕಾದದ್ದು ಇದನ್ನೇ.

ಅಭಿಮನ್ಯು ಶತ್ರುವಿನ ಮಗ. ಅವನ ಮುಂದೆ ದುರ್ಯೋಧನ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಾದರೂ ಇರುವಂಥ ಸಾವು ನನಗೆ ಬರಲಿ ಎಂದು ಕೇಳಿಕೊಳ್ಳುತ್ತಾನೆ. ಮಗನ ಮುಂದೆ ಬಂದಾಗ ಮಾತು ಬೇರೆ. ತಂದೆಗೆ ಮಗ ತರ್ಪಣ ಬಿಡಬೇಕು, ಈಗ ಮಗನಿಗೆ ತಂದೆ ಬಿಡುವಂತಾಯಿತೇ, ಹೀಗೆ ಕ್ರಮ ತಪ್ಪಿಸಬಹುದೇ ಎಂದು ಮಗನನ್ನೇ ಕೇಳುತ್ತಾನೆ. ಇದು ಅಳುವೂ ಹೌದು, ಗದರಿಕೆಯೂ ಹೌದು. ತಮ್ಮನ ಮುಂದೆಯೂ ಕ್ರಮದ ಮಾತೇ ಬರುತ್ತದೆ, ಆದರೆ ಎಷ್ಟು ಮನೆಯೊಳಗಿನ ಮಾತಾಗಿ! ತಾಯಿಯ ಹಾಲನ್ನು ಮೊದಲು ನಾನು ಕುಡಿದೆ, ಆಮೇಲೆ ನೀನು. ಊಟದಲ್ಲೂ ಹಾಗೆಯೇ, ಮೊದಲು ನಾನು, ಆಮೇಲೆ ನೀನು. ಎಲ್ಲದರಲ್ಲೂ ನನ್ನ ಹಿಂದೆ ಬಂದವನು ಸಾವಿನಲ್ಲಿ ಮಾತ್ರ ಮುಂದೆ ಹೋದೆಯಲ್ಲ. ಅದರ ಜೊತೆಗೇ ಒಂದು ನಾಚಿಕೆ ಇದೆ. ನಿನ್ನನ್ನು ಕೊಂದವನು ಇನ್ನೂ ಬದುಕಿದ್ದಾನೆ, ನಾನೂ ಬದುಕಿದ್ದೇನೆ.

ಕರ್ಣನ ಮುಂದೆ ಒಂದು ಗುಟ್ಟು ಹೊರಬೀಳುತ್ತದೆ. ನೀನು ಯಾರ ಮಗ ಎಂಬುದು ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ನನಗೂ ಗೊತ್ತಿತ್ತು ಎನ್ನುತ್ತಾನೆ. ಈ ಪದ್ಯದ ಹತ್ತಿರ ನಾನು ಪ್ರತಿ ಸಲ ನಿಂತುಬಿಡುತ್ತೇನೆ. ಗೊತ್ತಿದ್ದೂ ಹೇಳಲಿಲ್ಲ. ಈಗ ಹೇಳುತ್ತಿರುವುದು ಕೇಳಿಸಿಕೊಳ್ಳಲಾರದ ಕಿವಿಗೆ. ಇದಕ್ಕಿಂತ ದೊಡ್ಡ ಬಾಕಿ ಯಾವುದಿದೆ?

ಇಷ್ಟಾದ ಮೇಲೆ ಭೀಷ್ಮ ಸಂಧಿ ಮಾಡಿಕೋ ಎನ್ನುತ್ತಾನೆ. ದುರ್ಯೋಧನ ಕೊಡುವ ಉತ್ತರ ಎಲ್ಲರಿಗೂ ಗೊತ್ತು: "ನೆಲಕಿಱಿವೆನೆಂದು ಬಗೆದಿರೆ ಚಲಕಿಱಿವೆಂ". ನೆಲಕ್ಕಾಗಿ ಹೋರಾಡುತ್ತೇನೆ ಅಂದುಕೊಂಡಿರಾ, ಛಲಕ್ಕಾಗಿ ಹೋರಾಡುತ್ತೇನೆ ಎಂದರ್ಥ. ನಾವು ಪರೀಕ್ಷೆಯಲ್ಲಿ ಇಷ್ಟನ್ನೇ ಬರೆದು "ಇದು ಅವನ ಛಲ" ಎಂದು ಮುಗಿಸುತ್ತೇವೆ. ಪದ್ಯ ಅಲ್ಲಿಗೆ ಮುಗಿಯುವುದಿಲ್ಲ. ಈ ನೆಲ ನನಗೆ ಪಾಳುನೆಲ, ಕರ್ಣನನ್ನು ಕೊಲ್ಲಿಸಿದ ನೆಲದ ಜೊತೆ ಮತ್ತೆ ಕೂಡಿ ಬಾಳುವೆನೇ ಎಂಬ ಮಾತು ಅದೇ ಪದ್ಯದಲ್ಲಿದೆ. ಛಲ ಎಲ್ಲಿಂದ ಬಂತು ಎಂಬುದು ಆ ಮುಂದಿನ ಸಾಲುಗಳಲ್ಲಿ ಇದೆ. ಹೆಣಗಳ ನಡುವಿನ ಆ ನಡಿಗೆಯನ್ನು ಬಿಟ್ಟು ಓದಿದರೆ ದುರ್ಯೋಧನ ಬರೀ ಹಟಮಾರಿ. ಅದನ್ನು ಸೇರಿಸಿ ಓದಿದರೆ ಅವನು ಗೆದ್ದರೂ ಯಾರ ಜೊತೆ ಬಾಳಬೇಕು ಎಂದು ತಿಳಿಯದೆ ನಿಂತ ಮನುಷ್ಯ.

ಇಲ್ಲಿ ಮನೋವಿಶ್ಲೇಷಕ ಫ್ರಾಯ್ಡ್ ಸ್ವಲ್ಪ ನೆರವಿಗೆ ಬರುತ್ತಾನೆ. 1917ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಅವನು ಶೋಕವನ್ನೂ ವಿಷಣ್ಣತೆಯನ್ನೂ ಬೇರೆ ಮಾಡಿ ನೋಡಿದ. ಶೋಕದಲ್ಲಿ ಲೋಕ ಬರಿದಾಗುತ್ತದೆ, ವಿಷಣ್ಣತೆಯಲ್ಲಿ ತಾನೇ ಬರಿದಾಗುವುದು. "ಪಾಳುನೆಲ" ಎಂಬ ಮಾತನ್ನು ಇದರ ಪಕ್ಕದಲ್ಲಿಟ್ಟು ಓದಿ. ರನ್ನ ಒಂದೇ ಪದದಲ್ಲಿ ಹಿಡಿದಿದ್ದಾನೆ.

ಸುಡದೆ ಉಳಿದ ಹೆಣ

ಅನಂತಮೂರ್ತಿಯವರ ಸಂಸ್ಕಾರ (1965) ಕಾದಂಬರಿಯಲ್ಲಿ ಬಾಕಿ ಕಣ್ಣಿಗೇ ಕಾಣುತ್ತದೆ. ನಾರಣಪ್ಪ ಸತ್ತಿದ್ದಾನೆ. ಹೆಣ ಮನೆಯಲ್ಲಿದೆ. ಅವನು ಆಚಾರ ಮುರಿದವನು, ಹಾಗಾಗಿ ಸಂಸ್ಕಾರ ಯಾರು ಮಾಡಬೇಕು ಎಂಬುದು ತೀರ್ಮಾನವಾಗುವುದಿಲ್ಲ. ಅದು ತೀರ್ಮಾನವಾಗುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವ ಹಾಗಿಲ್ಲ.

ಇದು ಆ ದಿನ ಹುಟ್ಟಿದ ಪ್ರಶ್ನೆಯಲ್ಲ ಎಂಬುದನ್ನು ಗಮನಿಸಿ. ನಾರಣಪ್ಪ ಬದುಕಿದ್ದಾಗಲೇ ಅವನಿಗೆ ಬಹಿಷ್ಕಾರ ಹಾಕಬೇಕೋ ಬೇಡವೋ ಎಂಬ ಮಾತು ಇತ್ತು. ಹಾಕಿದರೆ ಮತಾಂತರವಾಗುತ್ತೇನೆಂದು ಅವನು ಹೆದರಿಸಿದ್ದ. ಅಗ್ರಹಾರದ ಹಿರಿಯ ಪಂಡಿತ ಪ್ರಾಣೇಶಾಚಾರ್ಯರಿಗೆ ಅವನನ್ನು ಸರಿದಾರಿಗೆ ತರುವ ಹಂಬಲವೂ ಇತ್ತು. ಹೀಗೆ ಮುಂದೂಡುತ್ತಾ ಬಂದ ತೀರ್ಮಾನ ಈಗ ಹೆಣವಾಗಿ ಎದುರಿಗೆ ಮಲಗಿದೆ. ಸತ್ತವನು ಒಂದು ಮಾತೂ ಆಡದೆ ಇಡೀ ಅಗ್ರಹಾರವನ್ನು ಬಿಚ್ಚಿಡುತ್ತಾನೆ. ನಾರಣಪ್ಪನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಬಂಗಾರ ತೆಗೆದಿಟ್ಟ ಕೂಡಲೇ, ಅಲ್ಲಿಯವರೆಗೆ ಬೇಡವಾಗಿದ್ದ ಸಂಸ್ಕಾರ ಕೆಲವರಿಗೆ ಬೇಕಾಗುತ್ತದೆ.

ಆಚಾರ್ಯರು ಗ್ರಂಥ ತಿರುವುತ್ತಾರೆ, ಉತ್ತರ ಸಿಗುವುದಿಲ್ಲ. ಮಾರುತಿಯ ಮುಂದೆ ಕೂರುತ್ತಾರೆ, ಅಲ್ಲೂ ಸಿಗುವುದಿಲ್ಲ. ಚಂದ್ರಿ ಮಾತ್ರ ಶಾಸ್ತ್ರದ ಗೋಜಿಗೆ ಹೋಗದೆ, ಒಬ್ಬರ ನೆರವು ಪಡೆದು, ರಾತ್ರೋರಾತ್ರಿ ಹೆಣವನ್ನು ಸುಟ್ಟು ಮುಗಿಸುತ್ತಾಳೆ. ಬಾಕಿ ತೀರಿಸುವ ಎರಡು ರೀತಿ ಇಲ್ಲಿ ಅಕ್ಕಪಕ್ಕ ಇವೆ. ಪಾತ್ರಗಳನ್ನು ಹೋಲಿಸಿ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಲ ಕಾಡಿತು. ಆಚಾರ್ಯರ ಹೆಂಡತಿ ಭಾಗೀರಥಿಯೂ ಸಾಯುತ್ತಾಳೆ. ವರ್ಷಗಟ್ಟಲೆ ಅವರು ಸೇವೆ ಮಾಡಿದ ಹೆಂಡತಿ. ಆ ಸಾವಿಗೆ ಕಾದಂಬರಿ ಕೊಡುವ ಜಾಗ ತೀರಾ ಕಡಿಮೆ. ಎದುರಾಳಿಯ ಹೆಣ ಕಥೆಯನ್ನೆಲ್ಲ ಹಿಡಿದಿಟ್ಟಿದೆ, ಹೆಂಡತಿಯ ಸಾವು ಬೇಗ ದಾಟಿಹೋಗುತ್ತದೆ. ಮೊದಲು ನನಗಿದು ಕೊರತೆ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಹೆಂಡತಿಯ ವಿಷಯದಲ್ಲಿ ಆಚಾರ್ಯರು ತಮ್ಮ ಲೆಕ್ಕ ಚೊಕ್ಕವಾಗಿದೆ ಎಂದೇ ನಂಬಿದ್ದರು. ಕಾಡುವುದು ನಾರಣಪ್ಪ, ಯಾಕೆಂದರೆ ಅವನ ಲೆಕ್ಕ ಅವರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ. ಯಾವ ಸಾವಿಗೆ ಎಷ್ಟು ಪುಟ ಸಿಕ್ಕಿದೆ ಎಂದು ಎಣಿಸುವುದು ಸುಮ್ನೆ ಲೆಕ್ಕ ಅಲ್ಲ, ಅದೂ ಓದೇ.

ಅಕಿಲೀಸ್ ಮತ್ತು ಗಿಲ್ಗಮೆಶ್

ಹೋಮರನ ಇಲಿಯಡ್‌ನಲ್ಲಿ ಅಕಿಲೀಸ್ ಸಿಟ್ಟು ಮಾಡಿಕೊಂಡು ಯುದ್ಧ ಬಿಟ್ಟು ಕೂತಿದ್ದಾನೆ. ಗೆಳೆಯ ಪೆಟ್ರೋಕ್ಲಸ್ ಅವನ ಕವಚ ತೊಟ್ಟು ಹೋಗಿ ಶತ್ರುಪಕ್ಷದ ವೀರ ಹೆಕ್ಟರನ ಕೈಯಲ್ಲಿ ಸಾಯುತ್ತಾನೆ. ಕವಚ ತನ್ನದು, ಕಳಿಸಿದವನು ತಾನು. ಹಾಗಾಗಿ ಅಕಿಲೀಸನ ಸಿಟ್ಟಿನ ಅರ್ಧ ಪಾಲು ತನ್ನ ಕಡೆಗೇ ಇದೆ, ಆದರೆ ಅದು ಹೋಗಿ ಬೀಳುವುದು ಹೆಕ್ಟರನ ಮೇಲೆ. ಕೊಂದರೂ ಸಾಲದು. ಹೆಣವನ್ನು ರಥಕ್ಕೆ ಕಟ್ಟಿ ಎಳೆಯುತ್ತಾನೆ, ಮತ್ತೆ ಮತ್ತೆ ಎಳೆಯುತ್ತಾನೆ. ಸೇಡಿನಿಂದ ಬಾಕಿ ತೀರುವ ಹಾಗಿದ್ದರೆ ಒಂದು ಸಲಕ್ಕೇ ತೀರಬೇಕಿತ್ತು.

ಅದು ಸಡಿಲವಾಗುವುದು 24ನೆಯ ಭಾಗದಲ್ಲಿ. ಹೆಕ್ಟರನ ಮುದಿ ತಂದೆ ಪ್ರಿಯಮ್ ರಾತ್ರಿ ಶತ್ರುವಿನ ಬಿಡಾರಕ್ಕೆ ಬಂದು, ತನ್ನ ಮಗನನ್ನು ಕೊಂದ ಕೈಗೆ ಮುತ್ತಿಟ್ಟು ಹೆಣ ಕೇಳುತ್ತಾನೆ. ಅಕಿಲೀಸನಿಗೆ ತನ್ನ ತಂದೆ ನೆನಪಾಗುತ್ತಾನೆ. ಇಬ್ಬರೂ ಕೂತು ಅಳುತ್ತಾರೆ, ಒಬ್ಬ ತನ್ನ ಮಗನಿಗಾಗಿ, ಇನ್ನೊಬ್ಬ ತನ್ನ ತಂದೆಗಾಗಿ ಮತ್ತು ಗೆಳೆಯನಿಗಾಗಿ. ಅಳು ಒಂದೇ ಕಡೆ, ದುಃಖ ಬೇರೆ ಬೇರೆ. ಇಬ್ಬರೂ "ಒಂದೇ ನೋವನ್ನು ಹಂಚಿಕೊಂಡರು" ಎಂದು ಬರೆದರೆ ಈ ಸೂಕ್ಷ್ಮ ಕೈತಪ್ಪುತ್ತದೆ.

ಮೆಸೊಪೊಟೇಮಿಯಾದ ರಾಜ ಗಿಲ್ಗಮೆಶ್‌ನ ಕಥೆ ಇದಕ್ಕಿಂತಲೂ ಬಹಳ ಹಳೆಯದು. ಅಲ್ಲಿ ಗೆಳೆಯ ಎನ್ಕಿಡು ಸತ್ತಾಗ ರಾಜ ಹೆಣ ಬಿಟ್ಟುಕೊಡುವುದೇ ಇಲ್ಲ. ಮೂಗಿನಿಂದ ಹುಳ ಬೀಳುವವರೆಗೆ ಕಾಯುತ್ತಾನೆ. ಆಮೇಲೆ ತನಗೆ ಸಾವು ಬಾರದಿರಲಿ ಎಂದು ಹೊರಡುತ್ತಾನೆ. ಗೆಳೆಯನ ದುಃಖ ಯಾವ ಹೊತ್ತಿಗೆ ತನ್ನ ಭಯವಾಗಿ ಬದಲಾಯಿತು ಎಂದು ಹುಡುಕಿ. ಆ ಹುಳದ ಹತ್ತಿರವೇ ಸಿಗುತ್ತದೆ.

ಓದುವಾಗ ಎಡವುವ ಜಾಗ

ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ಐದು ಹಂತಗಳು ನಮಗೆಲ್ಲ ಪರಿಚಿತ: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವಿಕೆ. ಎಷ್ಟೋ ಉತ್ತರಗಳಲ್ಲಿ ಪಾತ್ರವನ್ನು ಈ ಐದು ಮೆಟ್ಟಿಲು ಹತ್ತಿಸುವುದು ಕಾಣುತ್ತದೆ. ಕ್ಯೂಬ್ಲರ್-ರಾಸ್ ಇದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳ ಜೊತೆ ಮಾತಾಡಿ. ಉಳಿದುಕೊಂಡವರ ದುಃಖಕ್ಕೆ ಅದನ್ನು ಅನ್ವಯಿಸಿದ್ದು ಆಮೇಲೆ. ಮೇಲೆ ಹೇಳಿದ ದುರ್ಯೋಧನ ಐದನೆಯ ಮೆಟ್ಟಿಲಿಗೆ ಬರುವುದೇ ಇಲ್ಲ, ಹಾಗಂತ ಆ ಪಾತ್ರ ಅರೆಬರೆಯೇ? ಈ ಹಂತಗಳು ಸರಿಯಾಗಿ ಕೂರುವುದು ತನ್ನದೇ ಸಾವನ್ನು ಎದುರಿಸುವ ಪಾತ್ರಗಳಿಗೆ. ಟಾಲ್‌ಸ್ಟಾಯ್‌ನ ಇವಾನ್ ಇಲಿಚ್ (1886) ಅಂಥವನು. ಅಲ್ಲೂ ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಮೊದಲ ಅಧ್ಯಾಯ. ಅವನು ಸತ್ತ ಸುದ್ದಿ ಕೇಳಿದ ಕೂಡಲೇ ಸಹೋದ್ಯೋಗಿಗಳು ಯಾರಿಗೆ ಬಡ್ತಿ ಸಿಗಬಹುದು ಎಂದು ಯೋಚಿಸುತ್ತಾರೆ. ಸತ್ತವನ ಜೊತೆ ಅವರಿಗೆ ಯಾವ ಬಾಕಿಯೂ ಇಲ್ಲ. ಇವಾನ್ ಎಂಥ ಬದುಕು ಬದುಕಿದ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಎಡವುವ ಇನ್ನೊಂದು ಜಾಗ, ಕಥೆ ಓಡಿಸಲು ಮಾತ್ರ ಇಟ್ಟ ಸಾವುಗಳು. ನಾಯಕ ಸೇಡಿಗೆ ಹೊರಡಬೇಕು, ಅದಕ್ಕಾಗಿ ತಂಗಿಯೋ ಹೆಂಡತಿಯೋ ಮೊದಲ ಪುಟಗಳಲ್ಲೇ ಸಾಯುತ್ತಾಳೆ. ಇದನ್ನು ಗುರುತಿಸಲು ಒಂದು ಪ್ರಶ್ನೆ ಸಾಕು. ಸತ್ತವಳ ಒಂದಾದರೂ ಅಭ್ಯಾಸ, ಮಾತು, ಹಟ ನಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಆ ಸಾವು ಬರೀ ಸಾಧನ. ಅದನ್ನು ಉತ್ತರದಲ್ಲಿ ಧೈರ್ಯವಾಗಿ ಬರೆಯಿರಿ.

ಹರಿಶ್ಚಂದ್ರನ ಬಗ್ಗೆ ಒಂದು ಸಣ್ಣ ಮಾತು. ರಾಘವಾಂಕನ ಕಾವ್ಯದಲ್ಲಿ ಸುಡುಗಾಡು ಕಾಯುವ ರಾಜ, ಮಗನ ಹೆಣ ತಂದ ಹೆಂಡತಿಯನ್ನೇ ಸುಡುವ ಹಣ ಕೇಳುತ್ತಾನಲ್ಲ, ಅಲ್ಲಿ ಬಾಕಿ ಎಂಬುದು ಮಾತಿನ ಅಲಂಕಾರವಾಗಿ ಉಳಿಯುವುದಿಲ್ಲ. ನಿಜವಾಗಿಯೂ ಹಣ ಕೊಡಬೇಕು, ಕೈಯಲ್ಲಿ ಇಲ್ಲ. ಚಂದ್ರಮತಿಯ ಅಳುವಿಗೆ ಅಷ್ಟು ತೂಕ ಬರುವುದು ಆ ಕಾಸಿನಿಂದಲೂ ಹೌದು.

ಅಳದೆ ಇರುವ ಪಾತ್ರಗಳು

ಬರೆಯಲು ತುಂಬಾ ಕಷ್ಟವಾಗುವುದು ಇವರ ಬಗ್ಗೆ. ಅತ್ತರೆ ಸಾಲು ಎತ್ತಿ ಉದಾಹರಣೆ ಕೊಡಬಹುದು. ಅಳದಿದ್ದರೆ ಏನನ್ನು ತೋರಿಸುವುದು? ಭೈರಪ್ಪನವರ ಗೃಹಭಂಗದ ನಂಜಮ್ಮ ಪ್ಲೇಗಿನಲ್ಲಿ ಬೆಳೆದ ಇಬ್ಬರು ಮಕ್ಕಳನ್ನು ಕಳೆದುಕೊಳ್ಳುತ್ತಾಳೆ. ಆದರೂ ಸಂಸಾರ ನಡೆಯಬೇಕು, ಉಳಿದ ಮಗ ಬದುಕಬೇಕು. ಅಂಥ ಕಡೆ ಪಾತ್ರ ಏನು ಹೇಳಿತು ಎಂಬುದನ್ನು ಬಿಟ್ಟು ಅದರ ಕೈ ಏನು ಮಾಡುತ್ತಿದೆ ಎಂದು ನೋಡಬೇಕು. ಯಾವ ಕೆಲಸ ನಿಂತಿತು, ಯಾವುದು ನಿಲ್ಲಲಿಲ್ಲ, ಯಾರ ಹೆಸರನ್ನು ಮನೆಯಲ್ಲಿ ಎತ್ತುವುದು ತಪ್ಪಿತು.

ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಇದಕ್ಕೆ ಕೊನೆಯ ಓದು. ಮಗುವಿನ ಸಾವಿನ ಎದುರು ಗಂಡ ಹೆಂಡತಿಗೆ ಹೇಳುವ ಮಾತು ಅದು. ಇಲ್ಲಿ ಬಾಕಿ ಇರುವುದು ಸತ್ತ ಮಗುವಿನ ಜೊತೆ ಮಾತ್ರ ಅಲ್ಲ, ಬದುಕಿರುವ ಇಬ್ಬರ ನಡುವೆ. ನೀನು ಹೀಗೆ ನೋಡಿದರೆ ನಾನು ತಿರುಗಿ ನಿನ್ನನ್ನು ಹೇಗೆ ನೋಡಲಿ ಎಂದು ಕೇಳುತ್ತಾನೆ. ಹುಣ್ಣಿಮೆಯ ಚಂದ್ರನ ಹೆಣ ಹಗಲಿನ ಮುಗಿಲಲ್ಲಿ ತೇಲುತ್ತಾ ಬಂದ ಹಾಗೆ ಆಕೆಯ ಮುಖ ಅವನಿಗೆ ಕಾಣುತ್ತದೆ. ನಕ್ಕು ದುಃಖ ಮರೆಸಬೇಡ, ಅತ್ತುಬಿಡು ಎಂದು ಬೇಡುತ್ತಾನೆ. ಮಾತೆಲ್ಲ ಅವನದೇ. ಆಕೆ ಒಂದು ಶಬ್ದವನ್ನೂ ಆಡುವುದಿಲ್ಲ. ಅತ್ತಳೋ ಇಲ್ಲವೋ ಎಂದು ಹೇಳದೆಯೇ ಕವಿತೆ ಮುಗಿಯುತ್ತದೆ.