ಗುಂಡಿ ಬದಲಾದರೆ ಕಾಜಾನೂ ಬದಲಾಗಬೇಕು

ಬಳ್ಳಾರಿಯ ಕಾಲೇಜೊಂದರಲ್ಲಿ ನಾನು ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಜೀವಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಓದುವ ವಿದ್ಯೆ, ಕಲಿಸುತ್ತೇನೆ. ಮಳೆಗಾಲದಲ್ಲಿ ಊರೆಲ್ಲ ಡೆಂಗಿ ಮಾತು, ವಿದ್ಯಾರ್ಥಿಗಳ ಪ್ರಾಜೆಕ್ಟೂ ಅದರ ಮೇಲೆಯೇ. ವೈರಸ್‌ನ ಆರ್‌ಎನ್‌ಎಯನ್ನು, ಅಂದರೆ ಅದರ ತಳಿಮಾಹಿತಿ ಹೊತ್ತ ಎಳೆಯನ್ನು, ಅದು ಹೇಗೆ ಮಡಚಿಕೊಳ್ಳುತ್ತದೆ ಎಂದು ಊಹಿಸುವ ಪ್ರೋಗ್ರಾಂಗೆ ಕೊಟ್ಟು, ಬಂದ ಚಿತ್ರ ಹಿಡಿದು ಓಡಿ ಬರುತ್ತಾರೆ. "ಸರ್, ಸ್ಟ್ರಕ್ಚರ್ ಸಿಕ್ತು!"

ನಾನು ಕೇಳುವುದು ಒಂದೇ. ಎಷ್ಟು ವೈರಸ್ ಹೋಲಿಸಿ ನೋಡಿದ್ರಿ?

ಡೆಂಗಿಯ ಆರ್‌ಎನ್‌ಎ ಎ, ಯು, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು 10,700 ಅಕ್ಷರ ಉದ್ದದ ಒಂಟಿ ಎಳೆ. ಅದರಲ್ಲಿ ಎ ಜೊತೆ ಯು, ಜಿ ಜೊತೆ ಸಿ ಅಂಟುತ್ತದೆ. ಜಿ-ಯು ಎಂಬ ಸಡಿಲ ಜೋಡಿಯೂ ಉಂಟು. ಹೀಗೆ ಎಳೆ ತನ್ನ ಮೇಲೆಯೇ ಮಡಚಿಕೊಳ್ಳುತ್ತದೆ. ಆದರೆ ಅಕ್ಷರಗಳನ್ನು ಸುಮ್ನೆ ಕಲಸಿ ಕೊಟ್ಟರೂ ಪ್ರೋಗ್ರಾಂ ಒಂದು ಚೆಂದದ ಮಡಿಕೆ ಬಿಡಿಸಿಕೊಡುತ್ತದೆ! ಒಂದೇ ವೈರಸ್‌ನ ಚಿತ್ರ ನಂಬಿ ನಾನೂ ಹಿಂದೆ ವಾರಗಟ್ಟಲೆ ಕೆಲಸ ಮಾಡಿದ್ದೆ. ಅದು ಈಗಲೂ ನೋಯುತ್ತದೆ.

ಹಾಗಾದರೆ ನಿಜವಾದ ಮಡಿಕೆ ಯಾವುದು? ನಮ್ಮೂರಲ್ಲಿ ಜೀನ್ಸ್ ಹೊಲಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಂಡಿ ದೊಡ್ಡದಾದರೆ ಕಾಜಾನೂ ದೊಡ್ಡದಾಗಬೇಕು. ಬೇರೆ ಬೇರೆ ಪ್ಯಾಂಟುಗಳಲ್ಲಿ ಗುಂಡಿ ಬದಲಾದಾಗೆಲ್ಲ ಕಾಜಾನೂ ಬದಲಾಗಿದ್ದರೆ, ಅವೆರಡೂ ಸೇರುತ್ತವೆ ಅಂತ ಹಾಕಿ ನೋಡದೆಯೇ ಹೇಳಬಹುದು, ಅಲ್ವಾ? ವೈರಸ್‌ನಲ್ಲೂ ಅಷ್ಟೇ. ಡೆಂಗಿಯ ನಾಲ್ಕು ಬಗೆಗಳನ್ನೂ, ಅದರ ನೆಂಟ ಜೀಕಾವನ್ನೂ ಅಕ್ಷರಕ್ಕೆ ಅಕ್ಷರ ಹೊಂದುವಂತೆ ಒಂದರ ಕೆಳಗೊಂದು ಸಾಲಾಗಿ ಜೋಡಿಸಿ. ಒಂದರಲ್ಲಿ ಜಿ-ಸಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಎ-ಯು ಬಂದಿದೆಯೇ? ಅಕ್ಷರ ಎರಡೂ ಬದಲಾದವು, ಜೋಡಿ ಉಳಿಯಿತು. ವೈರಸ್‌ಗೆ ಆ ಮಡಿಕೆ ಬೇಕೇ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ವಿಯೆನ್ನಾದಲ್ಲಿ ಹುಟ್ಟಿದ ಆರ್‌ಎನ್‌ಎ ಅಲಿಫೋಲ್ಡ್ ಪ್ರೋಗ್ರಾಂ ಇಂಥ ಜೋಡಿಗಳಿಗೆ ಹೆಚ್ಚು ಬೆಲೆ ಕೊಡುತ್ತದೆ.

ಒಂದೇ ಊರಿನ, ಒಂದೇ ವರ್ಷದ ಮಾದರಿಗಳನ್ನಷ್ಟೇ ಜೋಡಿಸಿದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಏನೂ ಬದಲಾಗದ ಕಡೆ ಜೊತೆಯಾಗಿ ಬದಲಾದದ್ದನ್ನು ಎಲ್ಲಿ ಹುಡುಕುವುದು? ತೀರಾ ದೂರದ ವೈರಸ್ ತಂದರೆ ಸಾಲೇ ತಪ್ಪಿಹೋಗುತ್ತದೆ. ಪ್ರೋಟೀನ್ ಬರೆಯುವ ಭಾಗದಲ್ಲಂತೂ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿ ಅಕ್ಷರ ಬದಲಾಗದೆ ಉಳಿದಿರುವುದು ಪ್ರೋಟೀನ್‌ಗಾಗಿಯೇ ಇರಬಹುದು.

ಇಷ್ಟು ಪಾಡು ಯಾಕೆ? ಡೆಂಗಿ ಎಳೆಯ ಬಾಲದ ಕಡೆ ಮಡಿಕೆಯಿಂದಾದ ಗಟ್ಟಿ ಗಂಟುಗಳಿವೆ. ನಮ್ಮ ಜೀವಕೋಶದ ಎಕ್ಸ್‌ಆರ್‌ಎನ್1 ಎಂಬ ಕಿಣ್ವ ಎಳೆಯನ್ನು ತಲೆಯಿಂದ ತಿನ್ನುತ್ತಾ ಬಂದು ಆ ಗಂಟಿನ ಹತ್ತಿರ ನಿಂತುಬಿಡುತ್ತದೆ. ಉಳಿದ ತುಂಡು ನಮ್ಮ ದೇಹದ ರಕ್ಷಣೆಯನ್ನೇ ಕುಂದಿಸುತ್ತದೆ. ಇಂಥ ಗಂಟು ಜೀಕಾದಲ್ಲೂ ಇದೆ.

ಈ ಸಲ ಒಬ್ಬ ಹುಡುಗಿ ನಾಲ್ಕೂ ಬಗೆಗಳನ್ನು ಜೋಡಿಸಿ ತಂದಳು. ಮೊದಲ ಚಿತ್ರದ ಬಹುಪಾಲು ಮಡಿಕೆ ಬಿದ್ದುಹೋಗಿತ್ತು. ಬಾಲದ ಗಂಟು ಮಾತ್ರ ಹಾಗೇ ನಿಂತಿತ್ತು.